ಒಂದೇ ಅಂಕಿ ಸಾಲದು: ಜನಸಂಖ್ಯೆಯ ಮುನ್ನಂದಾಜು ಮತ್ತು ಬೇಸಿಯನ್ ವಿಧಾನ

(ಹಾಸನದಲ್ಲಿ ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಆಸಕ್ತ ನಾಗರಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತನಾಡುವಾಗ ಬೇಗ ದಾಟಿಹೋದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆಯಲಾಗಿದೆ.)

ಮಾನ್ಯರೇ,

ಭಾರತದ ಜನಸಂಖ್ಯೆ ಇಂದು ಎಷ್ಟು ಎಂದು ಕೇಳಿದರೆ ನಾವು 145 ಕೋಟಿ ಎಂದೋ 146 ಕೋಟಿ ಎಂದೋ ತಡವರಿಸದೆ ಹೇಳಿಬಿಡುತ್ತೇವೆ. ಆದರೆ ಈ ದೇಶದಲ್ಲಿ ಮನೆಮನೆಗೆ ಹೋಗಿ ಜನರನ್ನು ಎಣಿಸಿದ್ದು ಕೊನೆಯ ಬಾರಿಗೆ 2011ರಲ್ಲಿ, ಆಗ ಸಿಕ್ಕ ಸಂಖ್ಯೆ ಸುಮಾರು 121 ಕೋಟಿ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್ ಕಾರಣದಿಂದ ಮುಂದೆ ಹೋಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ನಿಗದಿಯಾಗಿದೆ. ಹೀಗಾಗಿ ಈ ನಡುವೆ ನಾವು ಕೇಳುತ್ತಿರುವ ಪ್ರತಿಯೊಂದು ಸಂಖ್ಯೆಯೂ, ಭಾರತವು 2023ರ ಏಪ್ರಿಲ್‌ನಲ್ಲಿ ಚೀನಾವನ್ನು ಹಿಂದಿಕ್ಕಿತು ಎಂಬ ಸುದ್ದಿಯೂ ಸೇರಿದಂತೆ, ಎಣಿಕೆಯಿಂದ ಬಂದದ್ದಲ್ಲ, ಅಂದಾಜಿನಿಂದ ಬಂದದ್ದು.

ಅಂದಾಜು ಎಂದ ಮಾತ್ರಕ್ಕೆ ಅದು ಕೀಳಲ್ಲ. ಆದರೆ ಅಂದಾಜು ಮಾಡಿದವರು ಅದು ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ನಮಗೆ ಸಿಕ್ಕಿರುವುದು ಅರ್ಧ ಮಾಹಿತಿ. ಇದು ಪಂಡಿತರ ನಡುವಿನ ಚರ್ಚೆಗಷ್ಟೇ ಸೀಮಿತವಾದ ವಿಷಯವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಗ್ರಾಮೀಣ ಜನರಲ್ಲಿ ಶೇ. 75ರವರೆಗೆ, ನಗರದ ಜನರಲ್ಲಿ ಶೇ. 50ರವರೆಗೆ ರಿಯಾಯಿತಿ ಪಡಿತರ ಸಿಗಬೇಕು. ಆ ಶೇಕಡಾವಾರನ್ನು ಇಂದಿಗೂ 2011ರ ಜನಸಂಖ್ಯೆಯ ಮೇಲೆಯೇ ಲೆಕ್ಕ ಹಾಕಲಾಗುತ್ತಿದೆ. ಜನಸಂಖ್ಯೆ ಬೆಳೆದಿದ್ದರೂ ಹಳೆಯ ಅಂಕಿಯ ಆಚೆ ಉಳಿದ ಕುಟುಂಬಗಳಿಗೆ ಇದು ಊಟದ ಪ್ರಶ್ನೆ.

ಜನಸಂಖ್ಯೆಯನ್ನು ಮುಂದಕ್ಕೆ ಲೆಕ್ಕ ಹಾಕುವ ಮೂಲ ವಿಧಾನ ಕಷ್ಟದ್ದಲ್ಲ. ಇಂದಿನ ಜನರನ್ನು ವಯಸ್ಸು ಮತ್ತು ಲಿಂಗದ ಪ್ರಕಾರ ಗುಂಪು ಮಾಡಬೇಕು. ಪ್ರತಿಯೊಂದು ಗುಂಪನ್ನೂ ಐದೈದು ವರ್ಷ, ಅಥವಾ ಒಂದೊಂದೇ ವರ್ಷ, ಮುಂದಕ್ಕೆ ಸಾಗಿಸುತ್ತಾ ಆ ಅವಧಿಯಲ್ಲಿ ತೀರಿಕೊಳ್ಳುವವರನ್ನು ಕಳೆಯಬೇಕು, ಹೆರಿಗೆಯ ವಯಸ್ಸಿನ ಹೆಂಗಸರ ಸಂಖ್ಯೆಯಿಂದ ಹುಟ್ಟುವ ಮಕ್ಕಳನ್ನು ಲೆಕ್ಕ ಹಾಕಿ ಸೇರಿಸಬೇಕು, ವಲಸೆ ಬಂದವರನ್ನು ಕೂಡಿಸಿ ಹೋದವರನ್ನು ಕಳೆಯಬೇಕು. ಜಗತ್ತಿನ ಎಲ್ಲ ಅಂಕಿಅಂಶ ಸಂಸ್ಥೆಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ.

ಈ ಲೆಕ್ಕವನ್ನು ಮಾಡಿ ನೋಡಿದವರಿಗೆ ಮಾತ್ರ ಮನದಟ್ಟಾಗುವ ಒಂದು ಸಂಗತಿಯಿದೆ. ಒಬ್ಬ ಹೆಂಗಸಿಗೆ ಆಕೆಯ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳು ಎಂಬುದನ್ನು ಒಟ್ಟು ಫಲವತ್ತತೆ ದರ ಎನ್ನುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದು ಭಾರತಕ್ಕೆ 2.0, ಕರ್ನಾಟಕಕ್ಕೆ 1.7, ಬಿಹಾರಕ್ಕೆ ಸುಮಾರು 3. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ಜನರನ್ನು ತರಬೇಕಾದರೆ ಈ ದರ ಸುಮಾರು 2.1 ಇರಬೇಕು. ಭಾರತ ಆ ಮಟ್ಟಕ್ಕಿಂತ ಕೆಳಗಿಳಿದಿದೆ. ಆದರೂ ದೇಶದ ಜನಸಂಖ್ಯೆ ಇನ್ನೂ ಹಲವು ದಶಕಗಳ ಕಾಲ ಏರುತ್ತಲೇ ಹೋಗುತ್ತದೆ, ಏಕೆಂದರೆ ಹಿಂದಿನ ಹೆಚ್ಚಿನ ಜನನಗಳಿಂದ ಬಂದ ದೊಡ್ಡ ಸಂಖ್ಯೆಯ ಯುವಜನರು ಈಗ ಹೆರಿಗೆಯ ವಯಸ್ಸಿನಲ್ಲಿದ್ದಾರೆ. ಪ್ರತಿ ಹೆಂಗಸಿಗೆ ಮಕ್ಕಳು ಕಡಿಮೆಯಾದರೂ ಹೆಂಗಸರ ಸಂಖ್ಯೆಯೇ ದೊಡ್ಡದಿದೆ, ಮೇಲಾಗಿ ಸಾವಿಗೆ ಹತ್ತಿರವಾದ ವಯೋಗುಂಪುಗಳು ಇನ್ನೂ ಚಿಕ್ಕವು. ವಿಶ್ವಸಂಸ್ಥೆಯ 2024ರ ಮುನ್ನಂದಾಜಿನ ಪ್ರಕಾರ ಭಾರತವು 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಯ ಗರಿಷ್ಠವನ್ನು ಮುಟ್ಟಿ, ಶತಮಾನದ ಕೊನೆಗೆ 150 ಕೋಟಿಯ ಆಸುಪಾಸಿಗೆ ಇಳಿಯುತ್ತದೆ.

ಹಾಗಾದರೆ ಕಷ್ಟ ಎಲ್ಲಿದೆ? ಕೂಡುವ ಕಳೆಯುವ ಕೆಲಸದಲ್ಲಿ ಇಲ್ಲ. ಮುಂದಿನ ದಿನಗಳ ಜನನ, ಮರಣ, ವಲಸೆಯ ದರಗಳು ಹೇಗಿರುತ್ತವೆ ಎಂಬುದರಲ್ಲಿದೆ. ಇತಿಹಾಸ ಇಲ್ಲಿ ಎಚ್ಚರಿಕೆ ಕೊಡುತ್ತದೆ. 1920ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್ ಎಂಬ ವಿದ್ವಾಂಸರು ಅಲ್ಲಿಯವರೆಗಿನ ಗಣತಿಗಳಿಗೆ ಒಂದು ಸುಂದರವಾದ ವಕ್ರರೇಖೆಯನ್ನು ಹೊಂದಿಸಿ, ತಮ್ಮ ದೇಶದ ಜನಸಂಖ್ಯೆ ಸುಮಾರು 19.7 ಕೋಟಿಯ ಮಿತಿಯನ್ನು ಮೀರುವುದಿಲ್ಲ ಎಂದು ಲೆಕ್ಕ ಹಾಕಿದರು. ರೇಖೆ ಹಳೆಯ ಅಂಕಿಗಳಿಗೆ ಚೆನ್ನಾಗಿಯೇ ಹೊಂದುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಜನನಗಳು ಏರಿದವು, 1960ರ ದಶಕದಲ್ಲಿಯೇ ಅಮೆರಿಕ 20 ಕೋಟಿಯನ್ನು ದಾಟಿತು. ಅವರ ಗಣಿತದಲ್ಲಿ ದೋಷವಿರಲಿಲ್ಲ. ಒಂದೇ ರೇಖೆಯನ್ನು ಕೊಟ್ಟು, ಅದರ ಸುತ್ತಲಿನ ಅನಿಶ್ಚಿತತೆಯನ್ನು ಕೊಡದಿದ್ದದ್ದು ದೋಷ.

ಮುಂದೆ ವಿಶ್ವಸಂಸ್ಥೆಯೂ ಇತರ ಸಂಸ್ಥೆಗಳೂ ಒಂದರ ಬದಲು ಮೂರು ರೇಖೆಗಳನ್ನು ಕೊಡತೊಡಗಿದವು. ಮಧ್ಯಮ ಅಂದಾಜಿನ ಫಲವತ್ತತೆಗೆ ಅರ್ಧ ಮಗು ಸೇರಿಸಿದರೆ ಮೇಲಿನ ಅಂದಾಜು, ಅರ್ಧ ಮಗು ಕಳೆದರೆ ಕೆಳಗಿನದು. ಇದು ಮೊದಲಿಗಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಅರ್ಧ ಮಗು ಎಲ್ಲಿಂದ ಬಂತು? ನಿಜವಾದ ಸಂಖ್ಯೆ ಈ ಎರಡು ರೇಖೆಗಳ ನಡುವೆ ಬೀಳುವ ಸಂಭವ ನೂರಕ್ಕೆ ಐವತ್ತೋ, ತೊಂಬತ್ತೋ? ಉತ್ತರವಿಲ್ಲ. ಅಲ್ಲದೆ ಜಗತ್ತಿನ ಮೇಲಿನ ಅಂದಾಜು ಬರಬೇಕಾದರೆ ಎಲ್ಲ ದೇಶಗಳಲ್ಲೂ ಒಂದೇ ಸಮಯಕ್ಕೆ ಅರ್ಧ ಮಗು ಹೆಚ್ಚಾಗಬೇಕು, ಅದೂ ಹಲವು ದಶಕಗಳ ಕಾಲ. ಒಂದು ಕಡೆ ಏರಿದಾಗ ಇನ್ನೊಂದು ಕಡೆ ಇಳಿಯುವುದೇ ಲೋಕದ ರೀತಿಯಾಗಿರುವಾಗ ಇಂಥ ಊಹೆಗೆ ಆಧಾರ ಕಡಿಮೆ.

ಇಲ್ಲಿ ಬೇಸಿಯನ್ ಸಂಖ್ಯಾಶಾಸ್ತ್ರದ ಪ್ರವೇಶ. ಥಾಮಸ್ ಬೇಸ್ ಎಂಬ ಇಂಗ್ಲೆಂಡಿನ ಪಾದ್ರಿ 1761ರಲ್ಲಿ ತೀರಿಕೊಂಡರು. ಹೊಸ ಮಾಹಿತಿ ಬಂದಂತೆ ಹಳೆಯ ಅಂದಾಜನ್ನು ಎಷ್ಟು ತಿದ್ದಿಕೊಳ್ಳಬೇಕು ಎಂಬ ವಿಚಾರವಿದ್ದ ಅವರ ಪ್ರಬಂಧವನ್ನು ಸ್ನೇಹಿತ ರಿಚರ್ಡ್ ಪ್ರೈಸ್ 1763ರಲ್ಲಿ ಪ್ರಕಟಿಸಿದರು. ಆ ವಿಚಾರವನ್ನು ಸ್ವತಂತ್ರವಾಗಿ ಕಂಡುಕೊಂಡು ದೊಡ್ಡ ಕೆಲಸಗಳಿಗೆ ಹಚ್ಚಿದವರು ಫ್ರಾನ್ಸಿನ ಲಾಪ್ಲಾಸ್. ಅವರು ಅದನ್ನು ಹಚ್ಚಿದ ಸಮಸ್ಯೆಗಳಲ್ಲಿ ಜನಸಂಖ್ಯೆಯೂ ಒಂದು ಎಂಬುದು ಇಂದಿನ ನಮ್ಮ ವಿಷಯಕ್ಕೆ ಬಹಳ ಹತ್ತಿರದ ಮಾತು. ಇಡೀ ಫ್ರಾನ್ಸನ್ನು ಎಣಿಸದೆ, 30 ಆಡಳಿತ ವಿಭಾಗಗಳಿಂದ ಆಯ್ದ ಊರುಗಳಲ್ಲಿ 1802ರಲ್ಲಿ ಜನರನ್ನು ಎಣಿಸಲಾಯಿತು. ವರ್ಷದ ಪ್ರತಿ ಒಂದು ಜನನಕ್ಕೆ 28.35 ಜನ ಎಂಬ ಅನುಪಾತ ಬಂತು. ದೇಶದ ಒಟ್ಟು ಜನನಗಳನ್ನು ಅದರಿಂದ ಗುಣಿಸಿ ದೇಶದ ಜನಸಂಖ್ಯೆಯನ್ನು ಪಡೆದರು. ಲಾಪ್ಲಾಸ್ ಅಲ್ಲಿಗೆ ನಿಲ್ಲಲಿಲ್ಲ. ಈ ಉತ್ತರ ಇಷ್ಟು ಲಕ್ಷಕ್ಕಿಂತ ಹೆಚ್ಚು ತಪ್ಪಾಗಿರುವ ಸಂಭವ ಎಷ್ಟು ಎಂಬುದನ್ನೂ ಲೆಕ್ಕ ಹಾಕಿದರು. ಉತ್ತರದ ಜೊತೆಗೇ ಅದರ ಹೆಚ್ಚುಕಡಿಮೆಯನ್ನು ಸಂಭವನೀಯತೆಯ ಭಾಷೆಯಲ್ಲಿ ಹೇಳುವ ಈ ಪದ್ಧತಿ ಜನಸಂಖ್ಯಾಶಾಸ್ತ್ರದ ದೈನಂದಿನ ಕೆಲಸಕ್ಕೆ ಮರಳಿ ಬರಲು ಇನ್ನೂರು ವರ್ಷಗಳಷ್ಟು ಕಾಲ ಹಿಡಿಯಿತು.

ಬೇಸ್ ಸೂತ್ರದ ತಿರುಳನ್ನು ನಮ್ಮ ಕಡೆಯ ಕಾಫಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ತೋಟದ ವಯಸ್ಸು, ಕಳೆದ ವರ್ಷಗಳ ಫಸಲು ಇವುಗಳ ಮೇಲೆ ಬೆಳೆಗಾರರ ಮನಸ್ಸಿನಲ್ಲಿ ಈ ವರ್ಷಕ್ಕೊಂದು ಅಂದಾಜು ಮೊದಲೇ ಇರುತ್ತದೆ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದದ್ದನ್ನು, ಅದರ ಹಿಂದೆಯೇ ಬರಬೇಕಾದ ಎರಡನೆಯ ಮಳೆ ಬಂದದ್ದನ್ನು ಅಥವಾ ಬಾರದ್ದನ್ನು ನೋಡಿ ಅದನ್ನು ತಿದ್ದಿಕೊಳ್ಳುತ್ತಾರೆ. ಮುಂಗಾರಿನಲ್ಲಿ ಕಾಯಿ ಉದುರಿದ ಮೇಲೆ ಮತ್ತೆ ತಿದ್ದುತ್ತಾರೆ. ಕಾಫಿ ಮಂಡಳಿ ಕೂಡ ಹೂ ಅರಳಿದ ನಂತರ ಒಂದು, ಮುಂಗಾರು ಮುಗಿದ ಮೇಲೆ ಒಂದು ಎಂದು ಫಸಲಿನ ಅಂದಾಜುಗಳನ್ನು ಪ್ರಕಟಿಸುತ್ತದೆ. ಹೊಸ ಮಾಹಿತಿ ಬಂದಾಗ ಹಳೆಯ ಅಂದಾಜನ್ನು ಪೂರ್ತಿ ಬಿಸಾಡುವುದೂ ಇಲ್ಲ, ಅದಕ್ಕೇ ಜೋತು ಬೀಳುವುದೂ ಇಲ್ಲ. ಎರಡಕ್ಕೂ ಅದರದರ ಯೋಗ್ಯತೆಗೆ ತಕ್ಕ ತೂಕ ಕೊಡುತ್ತಾರೆ. ಎಷ್ಟು ತೂಕ ಎಂಬುದನ್ನು ಬೇಸ್ ಸೂತ್ರ ನಿಖರವಾಗಿ ಹೇಳುತ್ತದೆ.

ಅದನ್ನು ಅಂಕಿಗಳಲ್ಲಿ ನೋಡೋಣ. ಇವು ಲೆಕ್ಕದ ಸಲುವಾಗಿ ಇಟ್ಟುಕೊಂಡ ಅಂಕಿಗಳು, ಯಾವುದೇ ಜಿಲ್ಲೆಯವಲ್ಲ. ಒಂದು ಜಿಲ್ಲೆಯ ಫಲವತ್ತತೆ ದರ, ಸುತ್ತಲಿನ ಜಿಲ್ಲೆಗಳನ್ನು ನೋಡಿದರೆ, 1.8ರ ಹತ್ತಿರ ಇರಬೇಕೆಂದು ನಮ್ಮ ಪೂರ್ವ ನಂಬಿಕೆ ಎಂದಿಟ್ಟುಕೊಳ್ಳಿ. ಅದರ ಪ್ರಮಾಣ ವಿಚಲನೆ, ಅಂದರೆ ಅಂದಾಜು ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಎಂಬುದರ ಅಳತೆ, 0.2. ಈಗ ಆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆ 1.6 ಎನ್ನುತ್ತದೆ, ಅದರ ಪ್ರಮಾಣ ವಿಚಲನೆ 0.1. ತೂಕವೆಂದರೆ ವಿಚಲನೆಯ ವರ್ಗದ ವಿಲೋಮ, ಅಂದರೆ 1ನ್ನು ವಿಚಲನೆಯ ವರ್ಗದಿಂದ ಭಾಗಿಸಿದಾಗ ಬರುವುದು. ಹಾಗಾಗಿ ಪೂರ್ವ ನಂಬಿಕೆಗೆ ಸಿಗುವ ತೂಕ 25, ಸಮೀಕ್ಷೆಗೆ 100. ಎರಡರ ತೂಕದ ಸರಾಸರಿ 1.64, ಹೊಸ ವಿಚಲನೆ ಸುಮಾರು 0.09. ಉತ್ತರ ಸಮೀಕ್ಷೆಯ ಹತ್ತಿರಕ್ಕೆ ಸರಿಯಿತು, ಅನಿಶ್ಚಿತತೆ ಎರಡಕ್ಕಿಂತಲೂ ಕಡಿಮೆಯಾಯಿತು. ಇನ್ನು ಅದೇ ಸಮೀಕ್ಷೆ ಒಂದು ಸಣ್ಣ ತಾಲ್ಲೂಕಿನಲ್ಲಿ ಕೆಲವೇ ಮನೆಗಳನ್ನು ನೋಡಿ 1.6 ಎಂದಿದ್ದರೆ, ಅದರ ವಿಚಲನೆ 0.4 ಎಂದುಕೊಳ್ಳೋಣ, ಅದರ ತೂಕ 6.25ಕ್ಕೆ ಇಳಿಯುತ್ತದೆ ಮತ್ತು ಉತ್ತರ 1.76ರಲ್ಲೇ ಉಳಿಯುತ್ತದೆ. ಕೆಲವೇ ಮನೆಗಳ ಮಾತನ್ನು ಕೇಳಿಸಿಕೊಂಡೆವು, ಆದರೆ ಅದಕ್ಕೆ ಸಲ್ಲಬೇಕಾದಷ್ಟೇ ಬೆಲೆ ಕೊಟ್ಟೆವು. ನನ್ನ ದೃಷ್ಟಿಯಲ್ಲಿ ಈ ವಿಧಾನದ ನ್ಯಾಯವಿರುವುದು ಇಲ್ಲಿಯೇ. ದತ್ತಾಂಶ ಕಡಿಮೆಯಿರುವ ಊರನ್ನು ಅದು ಲೆಕ್ಕದಿಂದ ಹೊರಗೆ ಇಡುವುದಿಲ್ಲ.

ಇದೇ ತತ್ತ್ವವನ್ನು ದೇಶಗಳ ಮಟ್ಟಕ್ಕೆ ಏರಿಸಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಏಡ್ರಿಯನ್ ರಾಫ್ಟರಿ ಮತ್ತು ಅವರ ಸಹೋದ್ಯೋಗಿಗಳು. ಲಿಯೊಂಟೀನ್ ಅಲ್ಕೆಮಾ, ಹಾನಾ ಶೆವ್ಚೀಕೊವಾ, ವಿಶ್ವಸಂಸ್ಥೆಯ ಪ್ಯಾಟ್ರಿಕ್ ಗೆರ್ಲಾಂಡ್ ಅವರ ಹೆಸರುಗಳನ್ನು ಇಲ್ಲಿ ಸ್ಮರಿಸಬೇಕು. ಅವರ ಮಾದರಿಯಲ್ಲಿ ಪ್ರತಿಯೊಂದು ದೇಶದ ಫಲವತ್ತತೆಯೂ ಮೂರು ಹಂತಗಳನ್ನು ಹಾಯುತ್ತದೆ. ಮೊದಲನೆಯದು ಹೆಚ್ಚು ಮಕ್ಕಳ ಹಳೆಯ ಕಾಲ. ಎರಡನೆಯದು ಇಳಿತದ ಕಾಲ: ಇಳಿತ ಮೊದಲು ನಿಧಾನ, ನಡುವೆ ವೇಗ, ಎರಡು ಮಕ್ಕಳ ಹತ್ತಿರ ಬಂದಂತೆ ಮತ್ತೆ ನಿಧಾನ. ಮೂರನೆಯದು ಇಳಿತ ಮುಗಿದ ಮೇಲೆ ದರವು ಒಂದು ದೀರ್ಘಕಾಲೀನ ಮಟ್ಟದ ಸುತ್ತ ಏರಿಳಿಯುವ ಕಾಲ. ಭಾರತದ ಇಳಿತದ ವೇಗವನ್ನು ಭಾರತದ ಅಂಕಿಗಳಿಂದ ತಿಳಿಯಬಹುದು. ಆದರೆ ಇಳಿತ ಈಗಷ್ಟೇ ಆರಂಭವಾಗಿರುವ ಆಫ್ರಿಕಾದ ದೇಶವೊಂದಕ್ಕೆ ಅದರದ್ದೇ ಅಂಕಿಗಳು ಸಾಲುವುದಿಲ್ಲ. ಆಗ ಮಾದರಿಯು ಇತರ ದೇಶಗಳು ಇಳಿದ ಬಗೆಯನ್ನು ಪೂರ್ವ ನಂಬಿಕೆಯಾಗಿ ಎರವಲು ಪಡೆಯುತ್ತದೆ, ಆ ದೇಶದ ಅಂಕಿಗಳು ಬಂದಂತೆಲ್ಲ ಎರವಲನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಇದಕ್ಕೆ ಶ್ರೇಣೀಕೃತ ಬೇಸಿಯನ್ ಮಾದರಿ ಎಂದು ಹೆಸರು. ಆಯುಷ್ಯದ ಏರಿಕೆಗೂ ಇಂಥದೇ ಒಂದು ಮಾದರಿಯಿದೆ.

ಉತ್ತರವನ್ನು ಪಡೆಯುವ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಂಪ್ಯೂಟರ್ ಸಾವಿರಾರು ಸಂಭಾವ್ಯ ಭವಿಷ್ಯಗಳನ್ನು, ಅವುಗಳ ಸಂಭವನೀಯತೆಗೆ ತಕ್ಕ ಪ್ರಮಾಣದಲ್ಲಿ, ಸೃಷ್ಟಿಸುತ್ತದೆ. ಒಂದೊಂದು ಭವಿಷ್ಯದಲ್ಲೂ ಫಲವತ್ತತೆಯ ಮತ್ತು ಆಯುಷ್ಯದ ಒಂದೊಂದು ಹಾದಿ. ಆ ಹಾದಿಗಳನ್ನು ನಾನು ಮೊದಲು ವಿವರಿಸಿದ ವಯೋಗುಂಪುಗಳ ಲೆಕ್ಕಕ್ಕೆ ಹಾಕಿದರೆ ಒಂದೊಂದು ಜನಸಂಖ್ಯೆ. ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವಿನದು ಮಧ್ಯಮ ಅಂದಾಜು. ಎರಡೂ ತುದಿಗಳಿಂದ ಶೇ. 10ರಷ್ಟನ್ನು ತೆಗೆದರೆ ಉಳಿಯುವುದು ಶೇ. 80ರ ವ್ಯಾಪ್ತಿ. ಅರ್ಧ ಮಗುವಿನ ಕಲ್ಪಿತ ಅಂತರದ ಜಾಗದಲ್ಲಿ ಈಗ ಅರ್ಥವಿರುವ ಒಂದು ಮಾತು ಸಿಕ್ಕಿತು.

2014ರಲ್ಲಿ ಈ ತಂಡ ಪ್ರಕಟಿಸಿದ ಲೆಕ್ಕದ ಪ್ರಕಾರ 2100ರಲ್ಲಿ ಜಗತ್ತಿನ ಜನಸಂಖ್ಯೆ 960 ಕೋಟಿಯಿಂದ 1230 ಕೋಟಿಯ ನಡುವೆ ಇರುವ ಸಂಭವ ಶೇ. 80, ಈ ಶತಮಾನದೊಳಗೆ ಬೆಳವಣಿಗೆ ನಿಲ್ಲುವ ಸಂಭವ ಶೇ. 30 ಮಾತ್ರ. ಹತ್ತು ವರ್ಷಗಳ ನಂತರ, ಇದೇ ವಿಧಾನವನ್ನು ಬಳಸುವ ವಿಶ್ವಸಂಸ್ಥೆ ತನ್ನ ಮುನ್ನಂದಾಜಿನ 2024ರ ಆವೃತ್ತಿಯಲ್ಲಿ, ಜನಸಂಖ್ಯೆ ಈ ಶತಮಾನದಲ್ಲೇ ಗರಿಷ್ಠ ಮುಟ್ಟುವ ಸಂಭವವನ್ನು ಶೇ. 80 ಎಂದಿತು, 2080ರ ದಶಕದ ಮಧ್ಯದಲ್ಲಿ ಸುಮಾರು 1030 ಕೋಟಿ, 2100ಕ್ಕೆ ಸುಮಾರು 1020 ಕೋಟಿ. ಪತ್ರಿಕೆಗಳು ಇದನ್ನು ವಿಜ್ಞಾನಿಗಳು ಮಾತು ಬದಲಿಸಿದ್ದಾರೆ ಎಂಬಂತೆ ಓದುವ ಸಾಧ್ಯತೆಯಿದೆ. ನಾನು ಹಾಗೆ ಓದುವುದಿಲ್ಲ. ಹತ್ತು ವರ್ಷಗಳಲ್ಲಿ ಚೀನಾ ಮತ್ತಿತರ ದೊಡ್ಡ ದೇಶಗಳ ಫಲವತ್ತತೆ ನಿರೀಕ್ಷೆಗಿಂತ ಬೇಗ ಕುಸಿಯಿತು, ಆ ಮಾಹಿತಿ ಸೂತ್ರದೊಳಗೆ ಹೋಯಿತು, ಉತ್ತರ ಸರಿಯಿತು. ಹೊಸ ಮಧ್ಯಮ ಅಂದಾಜು ಹಳೆಯ ವ್ಯಾಪ್ತಿಯ ಕೆಳಭಾಗದಲ್ಲಿ, ಆದರೆ ಅದರ ಒಳಗೇ ಇದೆ ಎಂಬುದನ್ನು ಗಮನಿಸಿ.

ಕಾಲ ದೂರವಾದಂತೆ ವ್ಯಾಪ್ತಿ ಎಷ್ಟು ಅಗಲವಾಗುತ್ತದೆ ಎಂಬುದನ್ನೂ ನೋಡಬೇಕು. 2022ರ ಆವೃತ್ತಿಯಲ್ಲಿ ಶೇ. 95ರ ವ್ಯಾಪ್ತಿ 2050ಕ್ಕೆ 940ರಿಂದ 1000 ಕೋಟಿ. 2100ಕ್ಕೆ 890ರಿಂದ 1240 ಕೋಟಿ. 2050ರಲ್ಲಿ ಮೂವತ್ತು ದಾಟಿರುವವರೆಲ್ಲ ಈಗಾಗಲೇ ಹುಟ್ಟಿದವರು, ಅವರ ಬಗ್ಗೆ ನಮಗೆ ಸಾಕಷ್ಟು ತಿಳಿದಿದೆ. 2100ರ ತಾಯಂದಿರಲ್ಲಿ ಒಬ್ಬರೂ ಇನ್ನೂ ಹುಟ್ಟಿಲ್ಲ.

ಇಷ್ಟು ಹೇಳಿದ ಮೇಲೆ ಈ ವಿಧಾನದ ದುರ್ಬಲ ಜಾಗವನ್ನು ಮುಚ್ಚಿಡುವುದು ಸರಿಯಲ್ಲ. ವ್ಯಾಪ್ತಿಯು ಮಾದರಿಯ ಒಳಗಿನ ಅನಿಶ್ಚಿತತೆಯನ್ನು ಹೇಳುತ್ತದೆಯೇ ಹೊರತು ಮಾದರಿಯೇ ತಪ್ಪಾಗಿರುವ ಸಂಭವವನ್ನಲ್ಲ. ಮೂರನೆಯ ಹಂತದಲ್ಲಿ ಫಲವತ್ತತೆ ಅತಿ ಕೆಳಮಟ್ಟದಿಂದ ಸ್ವಲ್ಪ ಚೇತರಿಸಿಕೊಳ್ಳುತ್ತದೆ ಎಂಬ ನಿರೀಕ್ಷೆ ಯುರೋಪಿನ ಕೆಲವು ದೇಶಗಳ ಅನುಭವದಿಂದ ಬಂದದ್ದು. ದಕ್ಷಿಣ ಕೊರಿಯಾದಲ್ಲಿ ಫಲವತ್ತತೆ ದರ 2023ರಲ್ಲಿ 0.72ಕ್ಕೆ ಇಳಿಯಿತು. ಅಲ್ಲಿ ಚೇತರಿಕೆಯ ನಂಬಿಕೆಯನ್ನು ಎಷ್ಟರ ಮಟ್ಟಿಗೆ ಇಟ್ಟುಕೊಳ್ಳಬೇಕು? 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬೇರೊಂದು ಸಂಶೋಧನಾ ತಂಡದ ಅಧ್ಯಯನ, ಹೆಣ್ಣುಮಕ್ಕಳ ಶಿಕ್ಷಣ ಮತ್ತು ಗರ್ಭನಿರೋಧಕಗಳ ಲಭ್ಯತೆಯನ್ನು ಮಾದರಿಯೊಳಗೆ ತಂದು, ಜಗತ್ತು 2064ರಲ್ಲಿಯೇ 973 ಕೋಟಿಯ ಗರಿಷ್ಠ ಮುಟ್ಟುತ್ತದೆ, 2100ರ ಹೊತ್ತಿಗೆ ಭಾರತ 109 ಕೋಟಿಗೆ ಇಳಿಯುತ್ತದೆ ಎಂದಿತು. ವಿಶ್ವಸಂಸ್ಥೆಯ 150 ಕೋಟಿಗೂ ಇದಕ್ಕೂ 40 ಕೋಟಿಯ ಅಂತರ. ಇಬ್ಬರ ಮುಂದೆಯೂ ಇದ್ದ ಇತಿಹಾಸದ ಅಂಕಿಗಳು ಬಹುಪಾಲು ಒಂದೇ. ಬೇರೆಯಾಗಿದ್ದದ್ದು ಮುಖ್ಯವಾಗಿ ಫಲವತ್ತತೆ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ. ಬೇಸಿಯನ್ ವಿಧಾನವು ಇಂಥ ನಂಬಿಕೆಗಳನ್ನು ಬರೆದು ತೋರಿಸಲು ಒತ್ತಾಯಿಸುತ್ತದೆ, ಆದ್ದರಿಂದ ಜಗಳ ಎಲ್ಲಿದೆ ಎಂಬುದಾದರೂ ನಮಗೆ ಗೊತ್ತಾಗುತ್ತದೆ.

ಈಗ ನಮ್ಮ ಜಿಲ್ಲೆಗಳಿಗೆ ಬರೋಣ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು. ಹಾಸನ ಜಿಲ್ಲೆ 17,21,669ರಿಂದ 17,76,421ಕ್ಕೆ ಏರಿತು, ಅಂದರೆ ಶೇ. 3ರಷ್ಟು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಇದ್ದದ್ದು 11,37,961ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು. ಚಿಕ್ಕಮಗಳೂರಿನಲ್ಲಿ ಆ ಅವಧಿಯಲ್ಲಿ ಸತ್ತವರಿಗಿಂತ ಹುಟ್ಟಿದವರೇ ಹೆಚ್ಚು. ಆದರೂ ಜನಸಂಖ್ಯೆ ಇಳಿಯಿತೆಂದರೆ ಹೊರಗೆ ಹೋದವರ ಸಂಖ್ಯೆ ಆ ಹೆಚ್ಚಳವನ್ನು ಮೀರಿತು ಎಂದೇ ಅರ್ಥ. ದೇಶದ ಲೆಕ್ಕದಲ್ಲಿ ವಲಸೆ ಒಂದು ಸಣ್ಣ ಬಾಬತ್ತು. ಜಿಲ್ಲೆಯ ಲೆಕ್ಕದಲ್ಲಿ ಅದೇ ದೊಡ್ಡದು, ಮತ್ತು ಎಲ್ಲಕ್ಕಿಂತ ಕಡಿಮೆ ದಾಖಲಾಗುವುದೂ ಅದೇ. ಮೂಡಿಗೆರೆ, ಸಕಲೇಶಪುರದ ತೋಟಗಳ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬರುವ ಕೆಲಸಗಾರರು, ಇಲ್ಲಿಂದ ಬೆಂಗಳೂರಿಗೆ ಹೋಗಿ ಯುಗಾದಿಗೂ ಜಾತ್ರೆಗೂ ಮಾತ್ರ ಊರಿಗೆ ಬರುವ ಯುವಕ ಯುವತಿಯರು, ಇವರು ಯಾವ ಊರಿನ ಲೆಕ್ಕಕ್ಕೆ ಸೇರುತ್ತಾರೆ ಎಂಬುದು ಅಂಗನವಾಡಿಯಿಂದ ಹಿಡಿದು ಆಸ್ಪತ್ರೆಯ ಹಾಸಿಗೆಗಳವರೆಗೆ ಎಲ್ಲವನ್ನೂ ತಟ್ಟುವ ಪ್ರಶ್ನೆ.

ರಾಜ್ಯಗಳ ಮಟ್ಟದಲ್ಲಿ ಭಾರತ ಸರ್ಕಾರದ ತಾಂತ್ರಿಕ ಸಮಿತಿ 2011ರಿಂದ 2036ರವರೆಗೆ ಮಾಡಿರುವ ಮುನ್ನಂದಾಜು ನಮ್ಮಲ್ಲಿದೆ. ಅದರ ಪ್ರಕಾರ 2036ಕ್ಕೆ ದೇಶದ ಜನಸಂಖ್ಯೆ ಸುಮಾರು 152 ಕೋಟಿ. ಶ್ರಮದಿಂದ ಮಾಡಿದ, ಉಪಯುಕ್ತವಾದ ಕೆಲಸವದು. ಆದರೆ ಯೋಜನೆಗಳಲ್ಲಿ ಬಳಕೆಯಾಗುವುದು ಒಂದೊಂದು ರಾಜ್ಯಕ್ಕೆ ಒಂದೊಂದೇ ಅಂಕಿ. ಮುಂದಿನ ಗಣತಿಯ ನಂತರದ ಮುನ್ನಂದಾಜುಗಳಾದರೂ ಸಂಭವನೀಯತೆಯ ವ್ಯಾಪ್ತಿಯೊಂದಿಗೆ, ಜಿಲ್ಲೆಯ ಮಟ್ಟಕ್ಕೆ ಇಳಿದು ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಶಾಲೆ ಮುಚ್ಚುವ ತೀರ್ಮಾನ ಮಾಡುವವರಿಗೆ "ಹತ್ತು ವರ್ಷದ ನಂತರ ಈ ಹೋಬಳಿಯಲ್ಲಿ ಮಕ್ಕಳು 400" ಎನ್ನುವುದಕ್ಕಿಂತ "280ರಿಂದ 540ರ ನಡುವೆ ಇರುವ ಸಂಭವ ನೂರಕ್ಕೆ ಎಂಬತ್ತು" ಎನ್ನುವುದು ಹೆಚ್ಚು ಪ್ರಾಮಾಣಿಕವಾದ ಸಲಹೆ. ಇವೂ ಉದಾಹರಣೆಯ ಅಂಕಿಗಳೇ.

ಉಪನ್ಯಾಸದ ನಂತರ ಸಂಖ್ಯಾಶಾಸ್ತ್ರದ ಅಧ್ಯಾಪಕರೊಬ್ಬರು ಕೇಳಿದರು: "ಪೂರ್ವ ನಂಬಿಕೆ ಎನ್ನುತ್ತೀರಿ. ಅದು ಯಾರ ನಂಬಿಕೆ? ಅಧಿಕಾರದಲ್ಲಿರುವವರು ತಮಗೆ ಬೇಕಾದ ಉತ್ತರ ಬರುವಂಥ ನಂಬಿಕೆಯನ್ನು ಇಟ್ಟುಕೊಂಡರೆ?" ಆತಂಕ ನ್ಯಾಯವಾದದ್ದು. ನನ್ನ ಉತ್ತರ ಹೀಗಿತ್ತು: ಇದಕ್ಕೆ ಪರೀಕ್ಷೆಯಿದೆ. ಮಾದರಿಗೆ 1990ರವರೆಗಿನ ಅಂಕಿಗಳನ್ನಷ್ಟೇ ಕೊಟ್ಟು ಮುಂದಿನ ವರ್ಷಗಳನ್ನು ಅಂದಾಜು ಮಾಡಲು ಬಿಡಬೇಕು. ಆ ವರ್ಷಗಳು ನಮಗೆ ಈಗಾಗಲೇ ಗೊತ್ತು. ಶೇ. 80ರ ವ್ಯಾಪ್ತಿ ಎಂದು ಹೇಳಿಕೊಂಡದ್ದು ನಿಜವಾಗಿಯೂ ಸುಮಾರು ನೂರಕ್ಕೆ ಎಂಬತ್ತು ದೇಶಗಳಲ್ಲಿ ಸತ್ಯವನ್ನು ಹಿಡಿದಿದೆಯೇ ಎಂದು ನೋಡಬೇಕು. ಐವತ್ತರಲ್ಲಿ ಮಾತ್ರ ಹಿಡಿದಿದ್ದರೆ ಮಾದರಿ ಅತಿಯಾದ ಆತ್ಮವಿಶ್ವಾಸದ್ದು. ತೊಂಬತ್ತೊಂಬತ್ತರಲ್ಲಿ ಹಿಡಿದಿದ್ದರೆ ವ್ಯಾಪ್ತಿ ಉಪಯೋಗಕ್ಕೆ ಬಾರದಷ್ಟು ಅಗಲ. ರಾಫ್ಟರಿಯವರ ತಂಡ ಇಂಥ ಪರೀಕ್ಷೆಗಳನ್ನು ಮಾಡಿಯೇ ತಮ್ಮ ಮಾದರಿಯನ್ನು ಮುಂದಿಟ್ಟದ್ದು, ಅದರ ತಂತ್ರಾಂಶವನ್ನೂ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ. ಬೇರೆಯ ನಂಬಿಕೆಯುಳ್ಳವರು ತಮ್ಮದನ್ನು ಹಾಕಿ ಓಡಿಸಿ ನೋಡಬಹುದು.

ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ಇನ್ನಷ್ಟು ನೇರವಾಗಿತ್ತು: "ಸರ್, ನಮ್ಮ ತಾಲ್ಲೂಕಿಗೆ ಇದನ್ನು ನಾವೇ ಮಾಡಬಹುದೇ?" ಮಾಡಬಹುದು. ಆಧಾರಕ್ಕೆ 2001 ಮತ್ತು 2011ರ ಗಣತಿಯ ವಯೋಗುಂಪುಗಳ ಕೋಷ್ಟಕಗಳು ಬೇಕು. ಜನನ ಮರಣಕ್ಕೆ 1969ರ ನೋಂದಣಿ ಕಾಯ್ದೆಯಡಿ ದಾಖಲಾದ ಅಂಕಿಗಳಿವೆ, ಕರ್ನಾಟಕದಲ್ಲಿ ಅವು ಇ-ಜನ್ಮ ತಂತ್ರಾಂಶದಲ್ಲಿ ಸೇರುತ್ತವೆ. ಆದರೆ ಹೆರಿಗೆಗೆ ತವರಿಗೋ ಜಿಲ್ಲಾ ಆಸ್ಪತ್ರೆಗೋ ಹೋದವರ ಮಗು ಅಲ್ಲಿಯ ಲೆಕ್ಕಕ್ಕೆ ಬೀಳುವುದರಿಂದ ತಾಯಿಯ ವಾಸದ ಊರನ್ನು ನೋಡಿ ಸರಿಪಡಿಸಿಕೊಳ್ಳಬೇಕು. ವಲಸೆಗೆ ನೇರ ದಾಖಲೆಯಿಲ್ಲ. ಒಂದನೇ ತರಗತಿಗೆ ಸೇರಿದ ಮಕ್ಕಳ ಸಂಖ್ಯೆಯನ್ನು ಆರು ವರ್ಷಗಳ ಹಿಂದಿನ ಜನನಗಳೊಂದಿಗೆ ಹೋಲಿಸಿದರೆ ಚಿಕ್ಕ ಮಕ್ಕಳಿರುವ ಕುಟುಂಬಗಳ ಚಲನೆಯ ಒಂದು ಸುಳಿವು ಸಿಗುತ್ತದೆ, ಅದನ್ನು ದೊಡ್ಡ ವಿಚಲನೆಯೊಂದಿಗೆ ಬಳಸಬೇಕು. ಪೂರ್ವ ನಂಬಿಕೆಗೆ ಜಿಲ್ಲೆಯ ಎಲ್ಲ ತಾಲ್ಲೂಕುಗಳ ಸರಾಸರಿಯನ್ನು ಇಟ್ಟುಕೊಳ್ಳಬಹುದು. ಆದರೆ ಮಲೆನಾಡಿನ ಸಕಲೇಶಪುರವನ್ನೂ ಬಯಲುಸೀಮೆಯ ಅರಸೀಕೆರೆಯನ್ನೂ ಒಂದೇ ಗುಂಪಿಗೆ ಹಾಕುವ ಬದಲು ಸಕಲೇಶಪುರವನ್ನು ಮೂಡಿಗೆರೆ, ಕೊಪ್ಪಗಳ ಜೊತೆಗೂ, ಅರಸೀಕೆರೆಯನ್ನು ಕಡೂರಿನ ಜೊತೆಗೂ ಸೇರಿಸುವುದು ಉತ್ತಮ. ಉತ್ತರವನ್ನು ವ್ಯಾಪ್ತಿಯಾಗಿ ಬರೆದು, ದಿನಾಂಕ ಹಾಕಿ, 2027ರ ಗಣತಿಯ ಅಂಕಿಗಳು ಬರುವ ಮೊದಲೇ ಕಾಲೇಜಿನ ಸೂಚನಾ ಫಲಕದಲ್ಲಿ ಹಚ್ಚಿಡಿ ಎಂದು ಆಕೆಗೆ ಹೇಳಿದೆ.